ಕ್ಯಾಸಿನೋಕ್ಕ ಹೊಂಟೀರಿ ಅಂದ್ರ ಹಗಲಿನ ಪಣಜಿನೂ ನೋಡ್ರಿ

ನಮ್ಮ ಹುಬ್ಬಳ್ಳಿ ಮಂದಿಗೆ ಗೋವಾ ಅಂದ್ರ ಈಗ ಬೀಚ್ ಅಲ್ಲ, ಕ್ಯಾಸಿನೋ. ಶನಿವಾರ ಮಧ್ಯಾಹ್ನ ಅಂಗಡಿ ಶಟರ್ ಎಳದು, ಒಂದ ಗಾಡಿಯೊಳಗ ಏಳೆಂಟು ಮಂದಿ ತುರುಕ್ಕೊಂಡು, ಅಳ್ನಾವರ, ಲೋಂಡಾ ದಾಟಿ ಅನಮೋಡ ಘಾಟ ಇಳದ್ರ ಕತ್ತಲಾಗೂದ್ರಾಗ ಪಣಜಿ. ರಾತ್ರಿಯೆಲ್ಲಾ ಕ್ಯಾಸಿನೋ ಹಡಗಿನ್ಯಾಗ, ಮರುದಿನ ಮಧ್ಯಾಹ್ನದತನಕ ಲಾಡ್ಜಿನ್ಯಾಗ ಗೊರಕಿ, ಎದ್ದು ಒಂದು ಫಿಶ್ ಥಾಲಿ ಹೊಡದು ವಾಪಸ್. ಊರಿಗೆ ಬಂದು "ಗೋವಾ ನೋಡಿ ಬಂದ್ವಿ" ಅಂತ ಸ್ಟೇಟಸ್ ಬ್ಯಾರೆ. ಏನ್ ನೋಡಿದ್ರಿಪಾ, ಎಸಿ ಹಾಲಿನ ಕಾರ್ಪೆಟ್ಟಾ?

ನಾ ಇಸ್ಪೀಟು ಆಡಾಂವಲ್ಲ, ಆದ್ರ ಗ್ಯಾಂಗ್ ಕರದ್ರ ಒಲ್ಲೆ ಅನ್ನಾಂವನೂ ಅಲ್ಲ, ಹಿಂಗಾಗಿ ಉಳದವರು ಮಲಗಿರೂ ಹೊತ್ತಿನ್ಯಾಗ ನಾ ಒಬ್ಬಾಂವನ ಊರು ಸುತ್ತಾಡೂದು ರೂಢಿ ಆಗೈತಿ. ನನ್ನ ಲೆಕ್ಕದಾಗ ಆ ಊರಾಗ ಎಲ್ಲಾಕ್ಕಿಂತ ಸಪ್ಪಗಿರೂದ ಆ ಕ್ಯಾಸಿನೋ. ಮತ್ತ ಉಳದದ್ದರಾಗ ಅರ್ಧಕ್ಕರ್ಧ ನಮ್ಮ ಕಡೆಯ ಕಥಿನ ಐತಿ, ಅದಕ್ಕ ಬರ್ಯಾಕ ಕುಂತೀನಿ.

ಮೊದಲ ಕ್ಯಾಸಿನೋ ಮಾತು ಮುಗಿಸಿಬಿಡೂಣು. ದೊಡ್ಡ ದೊಡ್ಡ ಹಡಗು ಮಾಂಡೋವಿ ನದಿಯೊಳಗ ನಿಂತಿರತಾವ, ಜೆಟ್ಟಿಯಿಂದ ಸಣ್ಣ ಬೋಟಿನ್ಯಾಗ ಕರಕೊಂಡು ಹೋಗತಾರ. 21 ವರ್ಷ ತುಂಬಿರಬೇಕು, ಐಡಿ ಕಾರ್ಡ್ ಬೇಕ ಬೇಕು, ಗಂಡಸರು ಚಡ್ಡಿ ಚಪ್ಪಲಿ ಹಾಕ್ಕೊಂಡು ಹೋದ್ರ ಬಾಗಲದಾಗ ತಡೀತಾರ. ಪ್ಯಾಕೇಜ್ ರೇಟಿನ್ಯಾಗ ಊಟ, ಕುಡ್ಯೂದು, ರೊಕ್ಕದ ಬದಲಿ ಆಟಕ್ಕ ಹಚ್ಚೂ ಒಂದಿಷ್ಟು ಚಿಪ್ಸ್ (ಬಿಲ್ಲೆ) ಸೇರಿರತೈತಿ. ಅದರಾಗ ಓಟಿಪಿ (ಒನ್ ಟೈಮ್ ಪ್ಲೇ, ಅಂದ್ರ ಒಂದ ಸಲ ಆಡೂ) ಚಿಪ್ಸ್ ಅಂತ ಕೊಟ್ರ ಅದನ್ನ ರೊಕ್ಕಾ ಮಾಡ್ಕೊಳ್ಳಾಕ ಬರೂದಿಲ್ಲ, ಆಡಿ ಗೆದ್ದದ್ದಷ್ಟ ನಿಮ್ಮದು. ರೂಲೆಟ್ ಚಕ್ರದಾಗ 0 ಯಿಂದ 36ರತನಕ ಒಟ್ಟು 37 ಮನಿ, ನೀವು ಹಿಡದ ನಂಬರ್ ಬಂದ್ರ ಕೊಡೂದು ಮಾತ್ರ ಒಂದಕ್ಕ 35. ಅಂದ್ರ 37 ಆಟಕ್ಕ ನೂರು ನೂರು ಹಚ್ಚಿದ್ರ ಹೋಗೂದು 3700, ಒಂದು ಸಲ ಹತ್ತಿದ್ರ ನಿಮ್ಮ ನೂರೂ ಹಿಡದು ಬರೂದು 3600. ಉಳದ ನೂರು ಹಡಗಿನವರದು. ಎರಡು ಸೊನ್ನಿ ಇರೂ ಚಕ್ರ ಇದ್ರ ಇನ್ನೂ ತುಟ್ಟಿ. ಮುಂಜಾನೆತನಕ ಆಡಿದ್ರ ಏನಾಗತೈತಿ ಅಂತ ಲೆಕ್ಕಾ ಹಾಕ್ಕೊಳ್ರಿ, ವ್ಯಾಪಾರಸ್ಥರಿಗೆ ನಾ ಏನ್ ಹೇಳೂದು.

ನೋಡಾಕ ಮಜಾ ಅಂದ್ರ ಅಂದರ್-ಬಾಹರ್ ಟೇಬಲ್. ನಮ್ಮೂರಾಗ ಅದನ್ನ ಆಡಿದ್ರ ಪೊಲೀಸರು ರೇಡ್ ಮಾಡಿ ಮರುದಿನ ಪೇಪರಿನ್ಯಾಗ ಬರತೈತಿ, ಅಲ್ಲಿ ಅದ ಆಟಕ್ಕ ಕೋಟು ಹಾಕ್ಕೊಂಡ ಹುಡುಗಿ ನಿಂತು ಎಲಿ ಹಂಚತಾಳ. ಎಡಕ್ಕೊಂದು ಬಲಕ್ಕೊಂದು ಎಲಿ ಬೀಳ್ತಾವ, ಆಕಿ ಮಾರಿ ಒಂದೀಟೂ ಹಂದೂದಿಲ್ಲ, ಎದುರು ಕುಂತಾಂವ ಮಾತ್ರ ಉಂಗುರ ತಿರುವಿಕೋತ ಬೆವರತಿರತಾನ. ಗೋವಾದ ಜೂಜಿನ ಕಾಯ್ದೆ 1976ರದು, ಹಡಗಿನ್ಯಾಗ ಆಡಾಕ ಆಮ್ಯಾಲೆ ತಿದ್ದುಪಡಿ ಮಾಡಿ ಅವಕಾಶ ಕೊಟ್ರು. ಮಜಾ ಏನಂದ್ರ 2020ರ ಫೆಬ್ರವರಿಯಿಂದ ಗೋವಾದ ಮಂದಿಗೇ ಒಳಗ ಹೋಗಿ ಆಡೂದು ಬಂದ್ ಮಾಡ್ಯಾರ. ತಮ್ಮ ಮಂದಿ ಉಳೀಲಿ, ಹುಬ್ಬಳ್ಳಿಯವರು ಬರ್ಲಿ!

ಇನ್ನ ಆ ನದಿ. ಹಡಗು ನಿಂತೈತಲ್ಲ, ಆ ನೀರು ಯಾವುದು ಗೊತ್ತೇನ್ರಿ, ನಮ್ಮ ಮಹಾದಾಯಿ. ಖಾನಾಪುರ ತಾಲೂಕಿನ ಭೀಮಗಡ ಕಾಡಿನ್ಯಾಗ ಹುಟ್ಟಿ ಅಲ್ಲಿಗೆ ಹೋಗಿ ಮಾಂಡೋವಿ ಅನಸ್ಕೋತೈತಿ. 2015ರಿಂದ ನರಗುಂದದಾಗ ರೈತರು ಧರಣಿ ಕುಂತದ್ದು ಇದ ನೀರಿಗೆ. 2018ರ ಆಗಸ್ಟ್‌ನ್ಯಾಗ ಟ್ರಿಬ್ಯೂನಲ್ ನಮಗ 13.42 ಟಿಎಂಸಿ ಅಂತು, ಅದರಾಗ ಕಳಸಾ 1.72, ಬಂಡೂರಿ 2.18. ನವಲಗುಂದದ ನಮ್ಮ ದೋಸ್ತ ಒಬ್ಬಾಂವ ಡೆಕ್ ಮ್ಯಾಲೆ ಬಿಯರ್ ಹಿಡಕೊಂಡು ನಿಂತಾಗ ಇದನ್ನ ಹೇಳಿದೆ, "ಹೌದಲೇ, ನಮ್ಮ ನೀರಾಗ ನಮ್ಮ ರೊಕ್ಕಾನ ಮುಳಗಸಾಕತ್ತಾರ" ಅಂದ. ಅಂದು ಮತ್ತ ಒಳಗ ಹೋದ, ಅದು ಬ್ಯಾರೆ ಮಾತು.

ಆ ನದಿ ಸರಿಯಾಗಿ ನೋಡಬೇಕಂದ್ರ ಮುಂಜಾನೆ ಪಣಜಿಯಿಂದ ಎದುರು ದಂಡಿಯ ಬೇತೀಂಗೆ ಹೋಗೂ ಫೆರಿ ಹತ್ರಿ. ನಡಕೊಂಡು ಹೋಗೂ ಮಂದಿಗೆ ಟಿಕೆಟ್ ಇಲ್ಲ. ಹಾಲಿನ ಕ್ಯಾನು, ಸ್ಕೂಟರು, ಆಫೀಸಿಗೆ ಹೊಂಟವರ ನಡುವ ನಿಂತು ನೋಡಿದ್ರ ಒಂದು ಕಡೆ ರಾತ್ರಿಯ ಲೈಟೆಲ್ಲಾ ಆರಿ ಬಣ್ಣಾ ಬಿಟ್ಟಂಗ ಕಾಣೂ ಹಡಗು, ಇನ್ನೊಂದು ಕಡೆ ಅಟಲ್ ಸೇತು, 2019ರಾಗ ಓಪನ್ ಆದ ಕೇಬಲ್ ಬ್ರಿಡ್ಜ್. ದಾಟಿದ ಮ್ಯಾಲೆ ರಿಕ್ಷಾ ಮಾಡ್ಕೊಂಡು ರೈಸ್ ಮಾಗೋಸ್ ಕೋಟಿಗೆ ಹೋಗಬಹುದು. 1551ರಾಗ ಪೋರ್ಚುಗೀಸರು ಕಟ್ಟಿದ್ದು, ರಿಪೇರಿ ಮಾಡಿ 2012ರಿಂದ ಜನರಿಗೆ ಬಿಟ್ಟಾರ, ಒಳಗ ಮಾರಿಯೋ ಮಿರಾಂಡಾ ಅವರ ಕಾರ್ಟೂನುಗಳದ್ದ ಒಂದು ಗ್ಯಾಲರಿ ಐತಿ. ಅಲ್ಲಿ ನಿಂತ್ರ ಪಣಜಿ ಪೂರಾ ಕಾಣತೈತಿ.

ಈ ಕಡೆ ದಂಡಿಮ್ಯಾಲೆನ ಹಳೆ ಸೆಕ್ರೆಟರಿಯೇಟ್. ಬಿಳಿ ಬಿಲ್ಡಿಂಗು, ಮಂದಿ ಆಟೋದಾಗ ಹಂಗ ದಾಟಿ ಹೋಗಿಬಿಡತಾರ. ಅದು ಮೂಲಕ್ಕ ನಮ್ಮ ವಿಜಾಪುರದ ಆದಿಲಶಾಹಿ ಅರಮನಿ. ಗೋವಾ ಅವರ ಕೈಯಾಗ ಇತ್ತು, 1510ರಾಗ ಪೋರ್ಚುಗೀಸರ ಅಲ್ಬುಕರ್ಕ್ ಕಸಗೊಂಡ, ಅವಂಗ ಸಾಥ್ ಕೊಟ್ಟಾಂವ ಹೊನ್ನಾವರ ಕಡೆಯ ತಿಮ್ಮಯ್ಯ. ಅಂದ್ರ ಕಳಕೊಂಡವರೂ ನಮ್ಮ ಕಡೆಯವರ, ಕೊಡಿಸಿದಾಂವನೂ ನಮ್ಮ ಕಡೆಯವನ. ಬಾಜೂಕ ಒಂದು ವಿಚಿತ್ರ ಮೂರ್ತಿ ಐತಿ: ಉದ್ದ ಅಂಗಿ ಹಾಕ್ಕೊಂಡ ಪಾದ್ರಿ ಎರಡೂ ಕೈ ಚಾಚಿ ನಿಂತಾನ, ಕೆಳಗ ಒಬ್ಬಾಕಿ ಹಿಂದಕ್ಕ ವಾಲ್ಯಾಳ. ಮೊದಲ ಸಲ ನೋಡಿದವರು ದೆವ್ವಾ ಬಿಡಸಾಕತ್ತಾನ ಅಂತನ ತಿಳಕೋತಾರ. ಅಬ್ಬೆ ಫರಿಯಾ ಅಂತ, ಗೋವಾದಾಗ 1756ರಾಗ ಹುಟ್ಟಿ ಪ್ಯಾರಿಸ್‌ನ್ಯಾಗ ಹೆಸರು ಮಾಡಿದಾಂವ, ಹಿಪ್ನಾಟಿಸಂ ಅಧ್ಯಯನ ಶುರು ಮಾಡಿದವರಾಗ ಒಬ್ಬಾಂವ.

ಅಲ್ಲಿಂದ ನಡಕೋತ ಫೊಂತೇನ್ಹಸ್‌ಗೆ ಹೋಗ್ರಿ. ಇದು ನನ್ನ ಫೇವರಿಟ್. ಸಣ್ಣ ಸಣ್ಣ ಓಣಿ, ಹಳದಿ, ನೀಲಿ, ಕೆಂಪು ಮನಿ, ಕಿಡಕಿ ಸುತ್ತ ಬಿಳಿ ಪಟ್ಟಿ, ಬಾಗಲ ಬಾಜೂಕ ಗ್ವಾಡಿಯೊಳಗ ಕೂರಿಸಿದ ನೀಲಿ ಚಿತ್ರದ ಟೈಲ್ಸ್. ಒಂದು ಟೈಲ್ಸಿನ ಹತ್ರ ಹೋಗಿ ನೋಡಿದ್ರ ಬ್ರಶ್ ಎಲ್ಲಿ ಎತ್ತ್ಯಾರ, ಬಣ್ಣ ಎಲ್ಲಿ ತೆಳ್ಳಗಾಗೈತಿ ಎಲ್ಲಾ ಕಾಣತೈತಿ. ಆದ್ರ ಅದು ಸಿನಿಮಾ ಸೆಟ್ ಅಲ್ಲ, ಮಂದಿ ಇರೂ ಮನಿ. ಫೋಟೋ ತಗೀಬ್ಯಾಡ್ರಿ ಅಂತ ಬೋರ್ಡ್ ಹಾಕಿದ್ರೂ ಕಟ್ಟಿಮ್ಯಾಲೆ ಹತ್ತಿ ರೀಲ್ಸ್ ಮಾಡತಾರ. ಎಂಟು ಗಂಟೆದೊಳಗ ಹೋದ್ರ ಓಣಿ ಖಾಲಿ ಇರತೈತಿ. ಅಲ್ಲೇ ಸಂತ ಸೆಬಾಸ್ಟಿಯನ್ ಚಾಪೆಲ್, ಅದರೊಳಗಿನ ಶಿಲುಬಿಮ್ಯಾಲಿನ ಯೇಸು ಕಣ್ಣು ತೆರದಾನ; ಅದು ಇನ್‌ಕ್ವಿಸಿಷನ್ (ಧರ್ಮದ ಹೆಸರಿನ್ಯಾಗ ಚರ್ಚಿನವರ ವಿಚಾರಣಿ) ನಡಸ್ತಿದ್ದ ಅರಮನಿಯೊಳಗ ಇದ್ದ ಶಿಲುಬಿ.

ಓಲ್ಡ್ ಗೋವಾ ಹತ್ತು ಕಿಲೋಮೀಟರ್. ಬೊಮ್ ಜೀಸಸ್ ಚರ್ಚಿನ ಕೆಲಸ 1605ರಾಗ ಮುಗೀತು, ಸಂತ ಝೇವಿಯರ್ ದೇಹ ಅಲ್ಲೇ ಇಟ್ಟಾರ, ಹತ್ತು ವರ್ಷಕ್ಕೊಮ್ಮೆ ಕೆಳಗ ಇಳಿಸಿ ದರ್ಶನ ಕೊಡತಾರ, ಕಡೀಸಲ 2024-25ರಾಗ ಆತು. ಅಲ್ಲಿ ಎಲ್ಲಾರೂ ಹೋಗತಾರ. ನಾ ಹೇಳೂದು ಸಂತ ಅಗಸ್ಟಿನ್ ಗೋಪುರ ಬಿಡಬ್ಯಾಡ್ರಿ ಅಂತ. 46 ಮೀಟರ್ ಎತ್ತರ ಕಟ್ಟಿದ್ದು, 1842ರಾಗ ಚರ್ಚಿನ ಛತ್ತು ಬಿತ್ತು, 1931ರಾಗ ಗೋಪುರದ ಮುಂದಿನ ಅರ್ಧ ಬಿತ್ತು, ಈಗ ಕೆಂಪು ಜಂಬಿಟ್ಟಿಗೆ ಕಲ್ಲಿನ ಒಂದು ಸೀಳಷ್ಟ ನಿಂತೈತಿ. ಅದರ ಗಂಟಿ ಪಣಜಿಯ ಮೆಟ್ಟಿಲಿನ ಬಿಳಿ ಚರ್ಚಿನ್ಯಾಗ ಐತಿ, ನೀವು ಸೆಲ್ಫಿ ತಗೊಂಡಿರ್ತೀರಲ್ಲ, ಅದ ಚರ್ಚು.

ಮನಿಯವರನ್ನ ಕರಕೊಂಡು ಹೋಗಿದ್ರ ಮಂಗೇಶಿ ಗುಡಿ ಹೆಂಗೂ ಆಗತೈತಿ. ಸಂಜಿಗೆ ಸಾಂತಾ ಮೋನಿಕಾ ಜೆಟ್ಟಿಯಿಂದ ಬೋಟ್ ಕ್ರೂಸ್, ಒಂದು ತಾಸಿಂದು. ದೇಖ್ಣಿ, ಕೊರಿದಿನ್ಹೊ ಡಾನ್ಸ್ ಚಲೋ ಇರತಾವ, ನಡುನಡುವ ಡಿಜೆ ಹಾಕಿ ಎಲ್ಲಾರನ್ನೂ ಕುಣಸತಾರ, ವೈನಿಯವರು ಹುಡುಗರು ಖುಷ್, ನನಗ ಒಂದ ಸಲಕ್ಕ ಸಾಕಾತು. ತಿನ್ನಾಕ ಮಾರ್ಕೆಟ್ ಕಡೆ ಪಾವ್-ಭಾಜಿ, ಮಿರ್ಚಿ ಸಿಗತಾವ. ಕಾಯಿಪಲ್ಲೆ ಎಲ್ಲಾ ಬೆಳಗಾವಿಯಿಂದನ ಬರೂದು, ಹಿಂಗಾಗಿ ಸಂತ್ಯಾಗ ಕನ್ನಡದಾಗ ಚೌಕಾಶಿ ಮಾಡ್ರಿ, ನಡೀತೈತಿ.

ವಾಪಸ್ ಬರೂಮುಂದ ಮೊಲ್ಲೆಂ ಹತ್ರ ಗಾಡಿ ತಿರುಗಿಸಿ ತಾಂಬಡಿ ಸುರ್ಲಾಕ್ಕ ಹೋಗ್ರಿ. ಕದಂಬರ ಕಾಲದ ಮಹಾದೇವ ಗುಡಿ, ಹನ್ನೆರಡನೇ ಶತಮಾನದ್ದು, ಕಾಡಿನ ನಡುವ ಹಳ್ಳದ ದಂಡಿಮ್ಯಾಲೆ. ಆ ಭಾಗದಾಗ ಎಲ್ಲಾ ಜಂಬಿಟ್ಟಿಗೆ, ಈ ಗುಡಿ ಮಾತ್ರ ಕರೀಕಲ್ಲಿಂದು, ಘಾಟ ಮ್ಯಾಲಿಂದ ತಂದದ್ದು ಅಂತಾರ. ಲಕ್ಕುಂಡಿ ನೋಡಿದವರಿಗೆ ಒಳಗಿನ ಕಂಬ, ಛತ್ತಿನ ಕಮಲ ನೋಡಿದ ಕೂಡ್ಲೆ ನಮ್ಮವರ ಕೆಲಸ ಅಂತ ಗುರುತು ಹತ್ತತೈತಿ. ಗೋವಾ ಸರ್ಕಾರಿ ಬಸ್ಸಿನ ಮ್ಯಾಲೆ ಕದಂಬ ಅಂತ ಬರದಿರತೈತಲ್ಲ, ಅದು ಇವರದ ಹೆಸರು.

ರೈಲಿನ್ಯಾಗ ಹೋದ್ರ ದೂಧಸಾಗರ ಕಿಡಕಿಯಿಂದನ ಕಾಣತೈತಿ, ಇಳ್ಯಾಕ ಬಿಡೂದಿಲ್ಲ. ಗಾಡಿ ಇದ್ದವರು ಐತ್ವಾರ ಮಧ್ಯಾಹ್ನ ಪಣಜಿ ಬಿಡ್ರಿ, ಘಾಟಿನ್ಯಾಗ ಕತ್ತಲಾದ್ರ ಡ್ರೈವರಿಗೆ ತ್ರಾಸು, ಮಳಿಗಾಲದಾಗಂತೂ ರೋಡ್ ಹೆಂಗೈತಿ ಅಂತ ಮೊದಲ ಕೇಳಿ ಹೊಂಡ್ರಿ. ಅನಮೋಡ ಚೆಕ್‌ಪೋಸ್ಟಿನ್ಯಾಗ ಅಬಕಾರಿಯವರು ಡಿಕ್ಕಿ ತಗಸತಾರ, ಗೋಡಂಬಿ ಪಾಕೀಟಿಗೆ ಏನೂ ಅನ್ನೂದಿಲ್ಲ.