ಅಂಗೈ ನೋಡದೆ ಹೆದರಿದ ದಿನ

2022ರಲ್ಲಿ ಕೇರಳದಲ್ಲಿ ಸಿಡುಬಿನ ಜಾತಿಯದೇ ರೋಗವಾದ ಮಂಕಿಪಾಕ್ಸ್ ಸಿಕ್ಕ ಮೇಲೆ, ಗುಳ್ಳೆ ಅಂದರೆ ಸಾಕು, ನಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ಭಯ. ನಾನು ಜ್ವರದ ಓಪಿಡಿಯಲ್ಲಿ ನರ್ಸ್. ಒಂದು ಬೆಳಿಗ್ಗೆ ಮೂವತ್ತರ ಆಸುಪಾಸಿನವರೊಬ್ಬರು ಬಂದರು. ಮುಖದ ತುಂಬಾ ನೀರುಗುಳ್ಳೆ. ಸಿಡುಬೇ (ಸ್ಮಾಲ್ ಪಾಕ್ಸ್) ಇರಬಹುದಾ ಅಂತ ನನ್ನ ಎದೆ ಹೊಡೆದುಕೊಂಡಿತು. ಬೇರೆ ಕೋಣೆಯಲ್ಲಿ ಕೂರಿಸಿ ಡಾಕ್ಟರಿಗೆ ಫೋನ್ ಮಾಡಿದೆ. ಬೇರೆ ಕೂರಿಸಿದ್ದು ಸರಿ. ಆದರೆ ಅಂಗಿ ಬಿಚ್ಚಿಸಿ ನೋಡಲಿಲ್ಲ. ಅಂಗೈ ನೋಡಲಿಲ್ಲ. ಜ್ವರ ಯಾವತ್ತಿಂದ ಅಂತಲೂ ಕೇಳಲಿಲ್ಲ.

ಜೊತೆಗೆ ಅವರ ತಾತ ಬಂದಿದ್ದರು. ಎಂಬತ್ತರ ಹತ್ತಿರ ವಯಸ್ಸು. ಕೆನ್ನೆ, ಮೂಗಿನ ಮೇಲೆಲ್ಲ ಕುಳಿ ಕುಳಿ.

"ಇದು ಆ ದೊಡ್ಡ ಸಿಡುಬಲ್ಲ ಕಣವ್ವ. ನನಗೆ ಇಪ್ಪತ್ತರಲ್ಲಿ ಬಂದಿತ್ತು. ಮೂರು ದಿನ ಮೈ ಸುಡೋ ಜ್ವರ, ಸೊಂಟ ಮುರಿಯೋ ನೋವು, ಎದ್ದು ಕೂರಕ್ಕಾಗ್ತಿರಲಿಲ್ಲ. ಆಮೇಲೆ ಬಾಯೆಲ್ಲ ಹುಣ್ಣು, ಗಂಜಿ ಇಳೀತಿರಲಿಲ್ಲ. ಅದಾದ್ಮೇಲೆ ಮುಖ, ಕೈಕಾಲು. ಅಂಗೈಲೂ ಎದ್ದಿದ್ವು, ಚೊಂಬು ಹಿಡಿಯಕ್ಕಾಗ್ತಿರಲಿಲ್ಲ."

ಡಾಕ್ಟರ್ ಬಂದು ಮೊದಲು ಅಂಗಿ ಬಿಚ್ಚಿಸಿದರು. ಎದೆ, ಬೆನ್ನಿನ ಮೇಲೇ ಜಾಸ್ತಿ. ಒಂದು ಕಡೆ ಆಗಷ್ಟೇ ಎದ್ದ ಕೆಂಪು ಚುಕ್ಕೆ, ಪಕ್ಕದಲ್ಲೇ ನೀರು ತುಂಬಿದ್ದು, ಅದರ ಪಕ್ಕ ಒಣಗಿ ಹಕ್ಕಳೆ ಕಟ್ಟಿದ್ದು. ಅಂಗೈ ಸ್ವಚ್ಛ. ಜ್ವರವೂ ಗುಳ್ಳೆಯೂ ಒಂದೇ ದಿನ ಶುರು. ಚಿಕನ್ ಪಾಕ್ಸ್.

ಸಿಡುಬಿನಲ್ಲಿ ಹೀಗೆ ಕಲಸುಮೇಲೋಗರ ಇರುವುದಿಲ್ಲ. ಮೈಯ ಒಂದು ಭಾಗದ ಗುಳ್ಳೆಗಳೆಲ್ಲ ಒಂದೇ ಹಂತದಲ್ಲಿರುತ್ತವೆ. ಮುಟ್ಟಿದರೆ ಚರ್ಮದೊಳಗೆ ಬಟಾಣಿ ಹೂತಿಟ್ಟ ಹಾಗೆ ಗಟ್ಟಿ, ಎಷ್ಟೋ ಸಲ ನಡುವೆ ಸಣ್ಣ ಗುಳಿ. ಮಂಕಿಪಾಕ್ಸ್ ಗುಳ್ಳೆಯೂ ಹೀಗೇ ಕಾಣಬಹುದು. ಆದರೆ ಅದರಲ್ಲಿ ಕುತ್ತಿಗೆ, ತೊಡೆಸಂದಿಯ ಗಂಟುಗಳು ಊದುವುದು ಹೆಚ್ಚು.

ನಮ್ಮ ದೇಶದಲ್ಲಿ ಸಿಡುಬು 1975ಕ್ಕೇ ಮುಗಿಯಿತು. 1980ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತು ಅಂತ ಘೋಷಣೆಯಾಯಿತು. ಸಹಜವಾಗಿ ಹರಡಿ ಬಂದ ಕೊನೆಯ ಸಿಡುಬು 1977ರಲ್ಲಿ ಸೊಮಾಲಿಯಾದ ಒಬ್ಬ ಆಸ್ಪತ್ರೆಯ ಅಡುಗೆಯವನಿಗೆ. ಅವನಿಗೆ ಮೊದಲು ಮಲೇರಿಯಾ ಅಂದರು, ಆಮೇಲೆ ಚಿಕನ್ ಪಾಕ್ಸ್ ಅಂದು ಮನೆಗೆ ಕಳಿಸಿದರು. ನನ್ನ ತಪ್ಪು ಅದರ ಉಲ್ಟಾ, ಅಲ್ವಾ?

ದೊಡ್ಡವರಿಗೆ ಬಂದರೆ ಚಿಕನ್ ಪಾಕ್ಸ್ ಕೂಡ ಹಗುರವಲ್ಲ, ನ್ಯುಮೋನಿಯಾಕ್ಕೆ ತಿರುಗಬಹುದು. ಡಾಕ್ಟರ್ ಎದೆಗೆ ಸ್ಟೆತೊಸ್ಕೋಪ್ ಇಟ್ಟು, ಕೆಮ್ಮು ಇದೆಯಾ ಕೇಳಿದರು. ಆಮೇಲೆ, "ಮನೆಯಲ್ಲಿ ಬಸುರಿ ಯಾರಾದರೂ ಇದ್ದಾರಾ?"

ಹೆಂಡತಿಗೆ ಐದು ತಿಂಗಳು. ಅವರಿಗೆ ಯಾವತ್ತೂ ಚಿಕನ್ ಪಾಕ್ಸ್ ಆಗಿರಲಿಲ್ಲ. ಅವತ್ತು ಮಧ್ಯಾಹ್ನವೇ ಅವರನ್ನೂ ಕರೆಸಿದೆವು.