ಚರ್ಚಿನ ಅಟ್ಟದಲ್ಲೊಂದು ಆಪರೇಷನ್ ಕೋಣೆ

ಲಂಡನ್ ಬ್ರಿಜ್ ಸ್ಟೇಷನ್ನಿನಿಂದ ಹೊರಬಂದು ಸೇಂಟ್ ಥಾಮಸ್ ಸ್ಟ್ರೀಟಿಗೆ ತಿರುಗಿದರೆ, ಶಾರ್ಡ್ ಎಂಬ ಗಾಜಿನ ಗೋಪುರದ ಹತ್ತಿರವೇ ಇಟ್ಟಿಗೆಯ ಹಳೇ ಚರ್ಚೊಂದು ಸಿಗುತ್ತದೆ. ಓಲ್ಡ್ ಆಪರೇಟಿಂಗ್ ಥಿಯೇಟರ್ ಮ್ಯೂಸಿಯಂ ಇರುವುದು ಅದರ ಅಟ್ಟದಲ್ಲಿ. ಹತ್ತಲು 52 ಸುರುಳಿ ಮೆಟ್ಟಿಲು, ತುಂಬಾ ಇಕ್ಕಟ್ಟು.

ಮೇಲೆ ಹಳೇ ಮರದ ತೊಲೆಗಳ ಕೆಳಗೆ ಗಿಡಮೂಲಿಕೆಗಳು ಹರಡಿವೆ. ಪಕ್ಕದಲ್ಲಿದ್ದ ಸೇಂಟ್ ಥಾಮಸ್ ಆಸ್ಪತ್ರೆಗೆ ಬೇಕಾದ ಬೇರು, ಎಲೆಗಳನ್ನು ಇಲ್ಲೇ ಒಣಗಿಸಿ ಇಡುತ್ತಿದ್ದರು. ತೊಲೆಗಳ ಸಂದಿಯಲ್ಲಿ ಗಸಗಸೆ ಗಿಡದ ಒಣ ಕಾಯಿಗಳೂ ಸಿಕ್ಕಿವೆ. ಅಫೀಮು ಬರುವುದು ಅದೇ ಗಿಡದಿಂದ.

ಒಳಗೆ ಆಪರೇಷನ್ ಕೋಣೆ. ನಡುವೆ ಒಂದು ಮರದ ಮೇಜು, ಸುತ್ತ ಅರ್ಧಚಂದ್ರದಂತೆ ಏರುವ ನಿಲುಗಟ್ಟೆಗಳು. ವಿದ್ಯಾರ್ಥಿಗಳು ಅಲ್ಲಿ ಒತ್ತೊತ್ತಾಗಿ ನಿಂತು ನೋಡುತ್ತಿದ್ದರು. ಚಾವಣಿಯ ದೊಡ್ಡ ಗಾಜಿನ ಕಿಂಡಿಯಿಂದ ಬೆಳಕು ನೇರ ಮೇಜಿನ ಮೇಲೆ ಬೀಳುತ್ತದೆ. ಮೇಜಿನ ಕೆಳಗೆ ಮರದ ಹೊಟ್ಟು ತುಂಬಿದ ಪೆಟ್ಟಿಗೆ, ರಕ್ತ ಹೀರಲು. ಕೆಳಗಿನ ಚರ್ಚಿಗೆ ರಕ್ತ ಸೋರದಿರಲಿ ಅಂತ ನೆಲದ ಹಲಗೆಗಳ ನಡುವೆಯೂ ಹೊಟ್ಟು ತುಂಬಿದ್ದರು!

ಅಟ್ಟದಲ್ಲೇ ಯಾಕೆ? ಹೆಂಗಸರ ವಾರ್ಡು ಇದೇ ಮಟ್ಟದಲ್ಲಿ, ಗೋಡೆಯಾಚೆಗಿತ್ತು. ಮೊದಲು ಆಪರೇಷನ್ ವಾರ್ಡಿನೊಳಗೇ ನಡೆಯುತ್ತಿತ್ತು. ಉಳಿದ ರೋಗಿಗಳು ಆ ಕೂಗನ್ನೆಲ್ಲ ಕೇಳುತ್ತಾ ಮಲಗಿರಬೇಕಿತ್ತು. 1822ರಲ್ಲಿ ಈ ಕೋಣೆ ಕಟ್ಟಿದ ಮೇಲೆ ಅದು ತಪ್ಪಿತು.

ಆದರೆ ಕೂಗು ನಿಲ್ಲಲಿಲ್ಲ. ಪ್ರಜ್ಞೆ ತಪ್ಪಿಸುವ ಈಥರ್ ಲಂಡನ್ನಿಗೆ ಬಂದಿದ್ದು 1846ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಇಲ್ಲಿಗೆ ಬಂದ ಹೆಂಗಸರೆಲ್ಲ ಎಚ್ಚರವಾಗಿದ್ದೇ ಆಪರೇಷನ್ ಮಾಡಿಸಿಕೊಂಡವರು. ಸರ್ಜನ್‌ಗೆ ಇದ್ದ ದೊಡ್ಡ ಹೆಗ್ಗಳಿಕೆ ವೇಗ. ಗಾಜಿನ ಪೆಟ್ಟಿಗೆಯಲ್ಲಿರುವ ಗರಗಸಗಳನ್ನು ನೋಡುವಾಗ ನನಗೆ ಸರ್ಜನ್‌ಗಿಂತ ಜಾಸ್ತಿ ನೆನಪಾದವರು, ಮೇಲಿನ ಕಿಂಡಿಯನ್ನೇ ನೋಡುತ್ತಾ ಮಲಗಿದ್ದ ಆ ಬಡ ಹೆಂಗಸರು. ಹಣವಿದ್ದವರಿಗೆ ಮನೆಯಲ್ಲೇ ಆಪರೇಷನ್ ಆಗುತ್ತಿತ್ತು, ಅಲ್ವಾ? ಇವರ ನೋವಿಗೆ ಮಾತ್ರ ಅಷ್ಟೊಂದು ಪ್ರೇಕ್ಷಕರು.

ಈಥರ್ ಬಂದಮೇಲೂ ಪೂರ್ತಿ ಬಿಡುಗಡೆ ಸಿಗಲಿಲ್ಲ. ಗಾಯಕ್ಕೆ ನಂಜು ಏರುವುದನ್ನು ತಡೆಯಲು ಜೋಸೆಫ್ ಲಿಸ್ಟರ್ ಎಂಬ ಸರ್ಜನ್ ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ಆಮ್ಲ ಬಳಸಿ, ಆ ವಿಧಾನವನ್ನು ಪ್ರಕಟಿಸಿದ್ದು 1867ರಲ್ಲಿ. ಅಷ್ಟರಲ್ಲಿ ಈ ಕೋಣೆಗೆ ಬೀಗ ಬಿದ್ದಾಗಿತ್ತು. ರೈಲು ಹಳಿಗೆ ಜಾಗ ಬೇಕಾಗಿ ಆಸ್ಪತ್ರೆ 1862ರಲ್ಲಿ ಇಲ್ಲಿಂದ ಹೊರಟಿತು. ನಾವು ಸುಮ್ನೆ ನಂಬಿಕೊಂಡು ಆಪರೇಷನ್ನಿಗೆ ಮಲಗುವ ಆ ಶುಚಿತ್ವ ಈ ಮೇಜಿನವರೆಗೆ ಬರಲೇ ಇಲ್ಲ.

ಆಮೇಲೆ ಕೋಣೆಯನ್ನೇ ಎಲ್ಲರೂ ಮರೆತರು. 1956ರಲ್ಲಿ ರೇಮಂಡ್ ರಸೆಲ್ ಎಂಬವರು ಹುಡುಕಿಕೊಂಡು ಬಂದು, ಗೋಡೆಯ ಎತ್ತರದಲ್ಲಿದ್ದ ಕಿಂಡಿಯಿಂದ ಅಟ್ಟದೊಳಗೆ ಹೊಕ್ಕರು. ಒಳಗಿನ ಸಾಮಾನು ಹೋಗಿತ್ತು. ಈಗ ಕಾಣುವುದರಲ್ಲಿ ಎಷ್ಟೋ ಭಾಗ ಮತ್ತೆ ಜೋಡಿಸಿದ್ದು. ಗೋಡೆಯ ಮೇಲಿನ ಲ್ಯಾಟಿನ್ ಸಾಲು ‘ಹಣಕ್ಕಾಗಿ ಅಲ್ಲ, ಕರುಣೆಯಿಂದ’ ಎನ್ನುತ್ತದೆ. ಮೊಣಕಾಲು ಗಟ್ಟಿಯಿರುವವರು ಲಂಡನ್ನಿಗೆ ಹೋದಾಗ ಇಲ್ಲಿಗೆ ಖಂಡಿತ ಹತ್ತಿ, ನಿಲುಗಟ್ಟೆಯ ಮೇಲೂ ನಿಂತು ನೋಡಿ. ಮೇಜು ಅಷ್ಟು ಹತ್ತಿರವಿದೆ ಅಂತ ಫೋಟೋದಲ್ಲಿ ಗೊತ್ತಾಗುವುದಿಲ್ಲ.