ಸೈಜೋಗೆ ಹೋಗುವವರು ಇಳಿಯಬೇಕಾದ ನಿಲ್ದಾಣ, ಕೊಳ್ಳಬೇಕಾದ ಬಾಟಲಿ

ಹಿರೋಶಿಮಾದ ಪೂರ್ವಕ್ಕಿರುವ ಸೈಜೋ ಎಂಬ ಸಾಕೆಯ (ಅಕ್ಕಿಯಿಂದ ಮಾಡುವ ಜಪಾನಿನ ಮದ್ಯದ) ಊರಿಗೆ ಹೋಗುವವರು ಅತಿವೇಗದ ರೈಲಾದ ಶಿಂಕಾನ್‌ಸೆನ್‌ನ ಹಿಗಾಶಿ-ಹಿರೋಶಿಮಾ ನಿಲ್ದಾಣದಲ್ಲಿ ಇಳಿಯಬಾರದು. ಸೈಜೋ ಸೇರಿರುವ ನಗರಕ್ಕೂ ಅದೇ ಹೆಸರಿರುವುದರಿಂದ ನಾವು ಅಲ್ಲಿಯೇ ಇಳಿದೆವು. ಬ್ರೂವರಿಗಳ ಬೀದಿ ಅಲ್ಲಿಂದ ಹಲವು ಕಿಲೋಮೀಟರ್ ದೂರವಿದೆ. ಮುಕ್ಕಾಲು ಗಂಟೆ ಕಾದ ಮೇಲೆ ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಕೊನೆಗೆ ಟ್ಯಾಕ್ಸಿಗೆ ಹಣ ತೆತ್ತೆವು. ಹಿರೋಶಿಮಾ ನಿಲ್ದಾಣದಿಂದ ಸಾನ್ಯೋ ಮಾರ್ಗದ ಸಾಮಾನ್ಯ ರೈಲು ಹಿಡಿದರೆ ಸುಮಾರು 40 ನಿಮಿಷಗಳಲ್ಲಿ ಸೈಜೋ ನಿಲ್ದಾಣವನ್ನೇ ತಲುಪಬಹುದು. ಅಲ್ಲಿಂದ ಬ್ರೂವರಿಗಳ ಇಟ್ಟಿಗೆ ಚಿಮಣಿಗಳಿಗೆ ಕೆಲವೇ ನಿಮಿಷಗಳ ನಡಿಗೆ.

ನಾವು ಹೋದದ್ದು ಅಕ್ಟೋಬರ್‌ನ ಸಾಕೆ ಹಬ್ಬಕ್ಕೆ. ಆ ರಾತ್ರಿಯ ಕೋಣೆಗೆ ವಾರದ ದಿನದ ಬಾಡಿಗೆಯ ಮೂರು ಪಟ್ಟು ಕೊಟ್ಟೆವು, ಹಾಸಿಗೆಯಲ್ಲಿ ಸಿಗರೇಟಿನ ವಾಸನೆಯಿತ್ತು. ನೂರಾರು ಬಗೆಯ ಸಾಕೆ ಒಂದೇ ಕಡೆ ಸಿಗುತ್ತದೆ ಎಂಬುದು ನಿಜ, ಆದರೆ ನೂಕುನುಗ್ಗಲಿನಲ್ಲಿ ಯಾರೊಡನೆಯೂ ಮಾತನಾಡಲಾಗುವುದಿಲ್ಲ. ಜನಸಂದಣಿ ನನಗೆ ಆಗದು; ಆದ್ದರಿಂದ ಮಂಗಳವಾರ ಮತ್ತೆ ಹೋದೆವು. ಸೈಜೋ ನನಗೆ ದಕ್ಕಿದ್ದು ಆ ದಿನವೇ.

ಅಕ್ಕಪಕ್ಕದಲ್ಲೇ ಏಳು ಬ್ರೂವರಿಗಳಿವೆ. ಕೆಲವು ಬ್ರೂವರಿಗಳ ಮುಂದೆ ಬಾವಿಯ ನೀರನ್ನು ಯಾರು ಬೇಕಾದರೂ ಹಿಡಿದುಕೊಳ್ಳಬಹುದು. ಸಾಕೆಗಿಂತ ಮೊದಲು ಅದನ್ನು ಕುಡಿದು ನೋಡಿ. ಹಿರೋಶಿಮಾ ಸೀಮೆಯ ನೀರು ಮೃದುವಾದದ್ದು, ಯೀಸ್ಟಿಗೆ ಬೇಕಾದ ಖನಿಜಗಳು ಅದರಲ್ಲಿ ಕಡಿಮೆ, ಹೀಗಾಗಿ ಒಂದು ಕಾಲಕ್ಕೆ ಇಲ್ಲಿ ಒಳ್ಳೆಯ ಸಾಕೆ ಮಾಡುವುದೇ ಕಷ್ಟವಾಗಿತ್ತು. ಇದೇ ಸೀಮೆಯ ಅಕಿತ್ಸುವಿನ ಮಿಯುರಾ ಸೆನ್‌ಜಾಬುರೊ ಎಂಬ ಸಾಕೆ ತಯಾರಕರು ಕೋಜಿಯನ್ನು (ಅಕ್ಕಿಯ ಪಿಷ್ಟವನ್ನು ಸಕ್ಕರೆಯಾಗಿಸುವ ಬೂಷ್ಟನ್ನು) ಜತನದಿಂದ ಬೆಳೆಸಿ, ಕಡಿಮೆ ತಾಪದಲ್ಲಿ ನಿಧಾನವಾಗಿ ಹುದುಗಿಸುವ ಕ್ರಮವನ್ನು ರೂಪಿಸಿ, 1898ರಲ್ಲಿ ಅದನ್ನು ಪ್ರಕಟಿಸಿ ಎಲ್ಲರಿಗೂ ಹಂಚಿದರು. ಇಲ್ಲಿನ ಸಾಕೆ ನಾಲಿಗೆಯ ಮೇಲೆ ಅಷ್ಟು ನಯವಾಗಿರುವುದಕ್ಕೆ ಆ ತಾಳ್ಮೆಯೇ ಕಾರಣ.

ಮಧ್ಯಾಹ್ನದ ಊಟಕ್ಕೆ ಬಿಶುನಾಬೆಯನ್ನು ತಪ್ಪಿಸಬೇಡಿ. ಇದು ಬ್ರೂವರಿಯ ಕೆಲಸಗಾರರು ತಮಗಾಗಿ ಮಾಡಿಕೊಳ್ಳುತ್ತಿದ್ದ ಅಡುಗೆ. ಕೋಳಿ, ಹಂದಿಮಾಂಸ, ಎಲೆಕೋಸು, ಅಣಬೆಗಳನ್ನು ಸಾಕೆಯಲ್ಲೇ ಬೇಯಿಸುತ್ತಾರೆ. ಉಪ್ಪು, ಮೆಣಸು ಬಿಟ್ಟರೆ ಮಸಾಲೆಯೇ ಇಲ್ಲ. ರುಚಿ ನೋಡುವಾಗಲೂ ಅಮಲೇರಬಾರದೆಂದು ಮದ್ಯಾಂಶ ಆರುವವರೆಗೆ ಕುದಿಸುತ್ತಿದ್ದರಂತೆ. ಐದೇ ಮೇಜುಗಳ ಒಂದು ಹೋಟೆಲಿನಲ್ಲಿ ಸಾವಿರ ಯೆನ್‌ಗಿಂತ ಸ್ವಲ್ಪ ಹೆಚ್ಚು ಕೊಟ್ಟು ಉಂಡೆವು. ತಳದಲ್ಲಿ ಉಳಿದ ಸಾರನ್ನು ಅನ್ನಕ್ಕೆ ಕಲಸಿಕೊಂಡಾಗ ಹೋಟೆಲಿನ ಅಜ್ಜಿ ಕೇಳದೆಯೇ ಇನ್ನೊಂದು ಬಟ್ಟಲು ಅನ್ನ ತಂದಿಟ್ಟರು. ಸಸ್ಯಾಹಾರಿಗಳು ಮಾತ್ರ ಬುತ್ತಿ ಒಯ್ಯುವುದೇ ಲೇಸು.

ಜಪಾನಿನಲ್ಲಿ ಸಾಕೆಯ ಬಳಕೆ 1970ರ ದಶಕದಲ್ಲಿದ್ದುದರ ನಾಲ್ಕನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿದಿದೆ. ದೊಡ್ಡ ಹೆಸರಿನ ಬಾಟಲಿಗಳು ವಿಮಾನ ನಿಲ್ದಾಣದಲ್ಲೂ ಸಿಗುತ್ತವೆ. ಸಣ್ಣ ಬ್ರೂವರಿಯ ಸಾಕೆ ಊರು ದಾಟುವುದೇ ಅಪರೂಪ. ಆದ್ದರಿಂದ ಬಾಟಲಿಯನ್ನು ಬ್ರೂವರಿಯ ಬಾಗಿಲಲ್ಲೇ ಕೊಳ್ಳಿ, ಈ ಊರಿನಲ್ಲಿ ಮಾತ್ರ ಸಿಗುವುದು ಯಾವುದೆಂದು ಕೇಳಿ. ಅಕ್ಕಿ, ಕೋಜಿ, ನೀರಿನಿಂದ ಮಾತ್ರ ಮಾಡಿದ, ಹೊರಗಿನ ಮದ್ಯಸಾರ ಬೆರೆಸದ ಜುನ್ಮಾಯ್ ಒಳ್ಳೆಯ ಆಯ್ಕೆ. ನಾಮಾಜಾಕೆ ಎಂಬ ಕಾಯಿಸದ ಸಾಕೆಗೆ ಸದಾ ತಂಪು ಬೇಕು, ಅದನ್ನು ಅಲ್ಲಿಯೇ ಕುಡಿದುಬಿಡಿ.

ಭಾರತಕ್ಕೆ ಸುಂಕವಿಲ್ಲದೆ ಒಬ್ಬರು ತರಬಹುದಾದದ್ದು 2 ಲೀಟರ್, ಎಂದರೆ 720 ಮಿಲಿಲೀಟರ್‌ನ ಎರಡು ಬಾಟಲಿ, 300ರ ಒಂದು. ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿಡಿ. ಬೆಂಗಳೂರಿನಲ್ಲಿ ನಾವು ಎಂಟು ಮಂದಿ ಸೇರಿ ಮೊದಲನೆಯದನ್ನು ತೆರೆದೆವು. ಸಾಕೆ ಕೂಟದಲ್ಲಿ ತನ್ನ ಬಟ್ಟಲನ್ನು ತಾನೇ ತುಂಬಿಕೊಳ್ಳುವ ವಾಡಿಕೆಯಿಲ್ಲ, ಪಕ್ಕದವರದನ್ನು ತುಂಬಬೇಕು, ಹಾಗೆಯೇ ಮಾಡಿದೆವು. ಏಪ್ರಿಲ್‌ನಲ್ಲಿ ಜಪಾನಿಗೆ ಹೊರಟಿರುವ ಗೆಳೆಯನೊಬ್ಬ ಬಾಟಲಿಯ ಚೀಟಿಯ ಚಿತ್ರ ತೆಗೆದುಕೊಂಡಿದ್ದಾನೆ. ಇಳಿಯಬೇಕಾದ ನಿಲ್ದಾಣದ ಹೆಸರನ್ನು ನಾನೇ ಅವನಿಗೆ ಬರೆದುಕೊಟ್ಟಿದ್ದೇನೆ.